ಬಿಟ್ಟಿ ಸರ್ವರ್ ಇದ್ದ ಕಾಲ

ಪುಣೆಯ ನಮ್ಮ ಕನ್ನಡ ಬಳಗದ ಪುಸ್ತಕಪಟ್ಟಿಯ ಆಪ್ ವರ್ಷಗಟ್ಟಲೆ ಹೆರೋಕುನಲ್ಲಿ ಪುಕ್ಕಟೆ ಓಡಿತು. ಅರ್ಧ ಗಂಟೆ ಯಾರೂ ಬರದಿದ್ದರೆ ನಿದ್ದೆ ಹೋಗ್ತಿತ್ತು, ಅಷ್ಟೇ!

ಈ ಸುಖ ಎಲ್ಲಿಂದ ಬಂತು? 2006ರಲ್ಲಿ ಅಮೆಜಾನ್‌ನ ಇಸಿ2 ಬಾಡಿಗೆಗೆ ಕೊಟ್ಟಿದ್ದು ಬರೀ ಯಂತ್ರ. ಉಳಿದ ಚಾಕರಿಯೆಲ್ಲ ನಮ್ಮದು. 2007ರಲ್ಲಿ ಹುಟ್ಟಿದ ಹೆರೋಕು ಆ ಚಾಕರಿಯನ್ನೂ ವಹಿಸಿಕೊಂಡಿತು. ಗಿಟ್ ಪುಶ್ ಹೊಡೆದರೆ ಆಪ್ ಲೈವ್. 2008ರ ಗೂಗಲ್ ಆಪ್ ಎಂಜಿನ್ ಕೂಡ ಸುಲಭವೇ, ಆದರೆ ಕೋಡನ್ನು ಅದರದೇ ಡೇಟಾಸ್ಟೋರ್‌ಗೆ ಹೊಂದಿಸಿ ಬರೀಬೇಕಿತ್ತು. ಹೆರೋಕುನಲ್ಲಿ ಇದ್ದದ್ದು ಮಾಮೂಲಿ ಪೋಸ್ಟ್‌ಗ್ರೆಸ್.

ಈ ವ್ಯತ್ಯಾಸದ ಬೆಲೆ ನನಗೆ ತಿಳಿದಿದ್ದು 2022ರಲ್ಲಿ. ನವೆಂಬರ್ 28ರಿಂದ ಬಿಟ್ಟಿ ಸೇವೆ ಬಂದ್ ಅಂತ ಆಗಸ್ಟ್‌ನಲ್ಲೇ ಹೇಳಿದ್ದರು. ನಾನು ಸೋಮಾರಿ, ಕೊನೇ ವಾರಾಂತ್ಯಕ್ಕೆ ಕೂತೆ. ಡಂಪ್ ತೆಗೆದು ಇನ್ನೊಂದು ಕಡೆ ಸುರಿದೆ. ಶನಿವಾರ ಮಧ್ಯಾಹ್ನದ ಊಟದ ಹೊತ್ತಿಗೆ ಪಟ್ಟಿ ಮತ್ತೆ ತೆರೀತು, ಒಂದು ಪುಸ್ತಕವೂ ಕಳೀಲಿಲ್ಲ.