ಗಡಿಯಾರ ಉಳಿಸಿದ ಕಡ್ಡಿ

ಹಮ್ಮಿಗಿಯಂಥ ಊರಿನ ಮನೆಯಲ್ಲೂ ಅಜ್ಜನ ಎಚ್.ಎಂ.ಟಿ. ಕೈಗಡಿಯಾರ ಚರ್ಮದ ಪಟ್ಟಿ ಹರಿದು ಪೆಟ್ಟಿಗೆ ಸೇರಿರಬಹುದು. ಕೀಲಿ ಕೊಟ್ಟರೆ ನಡೆದೀತು!

ಜಪಾನಿನ ಸಿಟಿಜನ್ ಸಹಯೋಗದಿಂದ ಬೆಂಗಳೂರಿನಲ್ಲಿ 1961ರಲ್ಲಿ ಇವುಗಳ ತಯಾರಿಕೆ ಆರಂಭವಾಯಿತು. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಆದರೂ ಪಟ್ಟಿಗೆ ಬರವಿಲ್ಲ. ಏಕೆ ಗೊತ್ತೆ? ಮೊದಲ ಮಹಾಯುದ್ಧದ ಕಾಲದ ಅನೇಕ ಕೈಗಡಿಯಾರಗಳಲ್ಲಿ ಪಟ್ಟಿ ಕಟ್ಟುವ ತಂತಿಯನ್ನು ಬೆಸೆದೇ ಬಿಡುತ್ತಿದ್ದರು. ಮುಂದೆ ಒಳಗೆ ಸ್ಪ್ರಿಂಗ್ ಇರುವ ಪುಟ್ಟ ಕಡ್ಡಿ ಬಂತು. ತುದಿ ಒತ್ತಿದರೆ ಕಳಚುತ್ತದೆ. ಅದು ಕೂರುವ ಜಾಗವನ್ನು ಅಳೆಯಿರಿ. ಹಳೆಯ ಎಚ್.ಎಂ.ಟಿ.ಗಳಲ್ಲಿ ಹಲವಕ್ಕೆ 18 ಮಿಲಿಮೀಟರ್. ಅಷ್ಟೇ ಅಗಲದ ಪಟ್ಟಿ ಯಾರು ಮಾಡಿದ್ದಾದರೂ ಸರಿ.

ಹೊಲಿಗೆ ಬಿಟ್ಟಿದ್ದರೆ ಚಪ್ಪಲಿ ಹೊಲಿಯುವವರು ಸರಿಪಡಿಸಿಯಾರು. ಬೆವರು ಕುಡಿದು ತೂತಿನ ಬಳಿ ಸೀಳಿದ್ದರೆ ಹೊಸದೇ ಲೇಸು. ತುಕ್ಕು ಹಿಡಿದ ಕಡ್ಡಿಯನ್ನೂ ಬದಲಿಸಿ. ಗಡಿಯಾರ ಬಿದ್ದು ಒಡೆದರೆ ಹಳೆಯ ಯಂತ್ರದ ಬಿಡಿಭಾಗ ಸಿಗುವುದು ಕಷ್ಟ.