ಗೆರೆಯ ಹೊರಗೆ ನಿಂತವಳು

ನಮ್ಮ ಕಲಘಟಗಿ, ಕುಂದಗೋಳ ಕಡೆಯ ಶಾಲೆಗಳಲ್ಲಿ ಹುಡುಗಿಯರ ಆಟವೆಂದರೆ ಖೋಖೋ, ಕಬಡ್ಡಿ, ಹೆಚ್ಚೆಂದರೆ ಥ್ರೋಬಾಲ್. ಬಾಸ್ಕೆಟ್‌ಬಾಲ್ ಕಂಬ ಕಂಡ ಹಳ್ಳಿಯ ಮಕ್ಕಳು ಕಡಿಮೆ. ಆದರೂ ಅಮೆರಿಕದ ಕಾಲೇಜುಗಳಲ್ಲಿ ಆ ಆಟ ಕಲಿಸಿದ ಕಪ್ಪು ಜನಾಂಗದ ಹೆಣ್ಣುಮಗಳೊಬ್ಬಳ ಚರಿತ್ರೆ ನಮಗೆ ತೀರ ದೂರದ್ದಲ್ಲ. ನಮ್ಮ ತಾಲೂಕಿನ ಕಾಡಂಚಿನ ಸಿದ್ದಿಯರ ಹಿರಿಯರಲ್ಲಿ ಅನೇಕರನ್ನು ಪೋರ್ತುಗೀಜರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದರು. ಆಕೆಯ ಜನರನ್ನು ಅದೇ ಆಫ್ರಿಕಾದ ಇನ್ನೊಂದು ದಂಡೆಯಿಂದ ಅಮೆರಿಕಕ್ಕೆ ಸಾಗಿಸಿದರು.

ಆಕೆ ವಿವಿಯನ್ ಸ್ಟ್ರಿಂಗರ್. ಹುಟ್ಟಿದ್ದು 1948ರಲ್ಲಿ, ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಯ ಸೀಮೆಯಲ್ಲಿ. ತಂದೆ ಗಣಿ ಕಾರ್ಮಿಕ. ಆರು ಮಕ್ಕಳಲ್ಲಿ ಈಕೆ ಹಿರಿಯಳು. ಓದಿದ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ತಂಡವೇ ಇರಲಿಲ್ಲ. ಆಟಗಾರರನ್ನು ಹುರಿದುಂಬಿಸುವ ಹುಡುಗಿಯರ ಗುಂಪಿಗಾದರೂ ಸೇರೋಣವೆಂದರೆ ಮೈಬಣ್ಣ ಅಡ್ಡ ಬಂತು. ದೂರು ಕೊಡಲು ಆಕೆಗೆ ಹಿಂಜರಿಕೆ. ಇದು ನಿನ್ನೊಬ್ಬಳ ಮಾತಲ್ಲ, ನಿನ್ನ ಹಿಂದೆ ಬರುವವರದೂ ಹೌದೆಂದು ತಂದೆ ತಿಳಿಹೇಳಿದ ಮೇಲೆ ಧೈರ್ಯ ಮಾಡಿದಳು, ಸ್ಥಾನವನ್ನೂ ಪಡೆದಳು.

ಎಪ್ಪತ್ತರ ದಶಕದ ಆರಂಭದಲ್ಲಿ ಆಕೆ ಚೇನಿ ಎಂಬ ಸಣ್ಣ ಕಾಲೇಜಿನ ತಂಡಕ್ಕೆ ಕೋಚ್ ಆದಳು. ಕಪ್ಪು ಜನರ ವಿದ್ಯೆಗಾಗಿಯೇ 1837ರಲ್ಲಿ ಹುಟ್ಟಿದ ಸಂಸ್ಥೆ ಅದು. ವಿದ್ಯಾಸಂಸ್ಥೆಗಳಲ್ಲಿ ಗಂಡು ಹೆಣ್ಣೆಂಬ ಭೇದ ಕೂಡದೆಂಬ ಕಾನೂನು ಅಮೆರಿಕದಲ್ಲಿ ಬಂದದ್ದೂ 1972ರಲ್ಲಿ. ಕಾಲೇಜು ಕ್ರೀಡೆಗಳ ದೊಡ್ಡ ಸಂಸ್ಥೆಯಾದ ಎನ್.ಸಿ.ಎ.ಎ. ಮಹಿಳೆಯರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ಮೊದಲ ಸಲ ನಡೆಸಿದ್ದು 1982ರಲ್ಲಿ. ಆ ವರ್ಷವೇ ಚೇನಿಯ ಹುಡುಗಿಯರು ಫೈನಲ್ ತಲುಪಿದರು. ಲೂಸಿಯಾನಾ ಟೆಕ್ ಎದುರು 76-62ರಿಂದ ಸೋತರು.

ಅಂಕಗಳ ಪಟ್ಟಿಯಲ್ಲಿ ಬಾರದ ಸಂಗತಿಯೊಂದಿದೆ. ಅದರ ಹಿಂದಿನ ವರ್ಷ, ಹದಿನಾಲ್ಕು ತಿಂಗಳ ಮಗಳಿಗೆ ಮಿದುಳು ಜ್ವರ ಬಡಿದಿತ್ತು. ಮಗು ಮುಂದೆ ನಡೆಯಲಿಲ್ಲ, ಮಾತಾಡಲಿಲ್ಲ. ಆಸ್ಪತ್ರೆಗೂ ಮೈದಾನಕ್ಕೂ ಓಡಾಡುತ್ತಲೇ ಆ ತಾಯಿ ತಂಡವನ್ನು ಕಟ್ಟಿದ್ದಳು. 1983ರಲ್ಲಿ ಅಯೋವಾ ವಿಶ್ವವಿದ್ಯಾಲಯಕ್ಕೆ ಹೋದಳು. 1992ರ ನವೆಂಬರಿನಲ್ಲಿ ಗಂಡ ಹೃದಯಾಘಾತದಿಂದ ತೀರಿಕೊಂಡ. ಮೂರು ಮಕ್ಕಳು, ಅವರಲ್ಲೊಂದು ಹಾಸಿಗೆ ಹಿಡಿದದ್ದು. ಅದೇ ಋತುವಿನಲ್ಲಿ, 1993ರಲ್ಲಿ, ಆಕೆಯ ತಂಡ ಕೊನೆಯ ನಾಲ್ಕರಲ್ಲಿ ಬಂದು ನಿಂತಿತು. ಮನೆಯ ದುಃಖ ಮನೆಯಲ್ಲಿ, ಕೆಲಸದ ಹೊರೆ ಕೆಲಸದಲ್ಲಿ ಎಂದು ಬೇರೆ ಮಾಡಿಡುವುದು ಹೆಂಗಸರಿಗೆ ಎಲ್ಲಿ ಸಾಧ್ಯ? ಎರಡನ್ನೂ ಒಂದೇ ತಲೆಯ ಮೇಲೆ ಹೊತ್ತು ನಡೆಯಬೇಕು.

2007ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಆಕೆಯ ತಂಡ ಫೈನಲ್‌ನಲ್ಲಿ ಸೋತ ಮರುದಿನ ಡಾನ್ ಇಮಸ್ ಎಂಬ ರೇಡಿಯೋ ನಿರೂಪಕ ಆ ಹುಡುಗಿಯರ ಕೂದಲನ್ನೂ ಶೀಲವನ್ನೂ ಹೀನಾಯವಾಗಿ ಆಡಿಕೊಂಡ. ಸ್ಟ್ರಿಂಗರ್ ಹುಡುಗಿಯರನ್ನು ಬಚ್ಚಿಡಲಿಲ್ಲ. ಪತ್ರಕರ್ತರ ಮುಂದೆ ತಾನೂ ಕುಳಿತು, ಅವರನ್ನೂ ಕೂರಿಸಿ, ಅವರ ಬಾಯಿಂದಲೇ ಉತ್ತರ ಕೊಡಿಸಿದಳು. ಇಮಸ್ ಕೆಲಸ ಕಳೆದುಕೊಂಡ.

2022ರಲ್ಲಿ ನಿವೃತ್ತಳಾದಾಗ ಆಕೆಯ ಲೆಕ್ಕದಲ್ಲಿ 1,055 ಗೆಲುವುಗಳಿದ್ದವು. ಮೂರು ಬೇರೆ ಬೇರೆ ಕಾಲೇಜುಗಳನ್ನು ಕೊನೆಯ ನಾಲ್ಕಕ್ಕೆ ತಲುಪಿಸಿದ ಮೊದಲ ಕೋಚ್ ಆಕೆ. ಆದರೆ ಆ ಕಿರೀಟ ಮಾತ್ರ ಒಮ್ಮೆಯೂ ದಕ್ಕಲಿಲ್ಲ. ದಕ್ಕದಿದ್ದರೂ ಐವತ್ತು ವರ್ಷ ಗೆರೆಯ ಹೊರಗೆ ನಿಂತು ಹುಡುಗಿಯರನ್ನು ತಿದ್ದಿದಳಲ್ಲ, ನನಗೆ ಅದೇ ದೊಡ್ಡದೆನಿಸುತ್ತದೆ.

ಈಗ ನಮ್ಮ ಕಡೆಗೆ ಬರೋಣ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕಮಲಾ ಸಿದ್ದಿಯಂಥ ಓಟಗಾರ್ತಿ ರಾಷ್ಟ್ರಮಟ್ಟಕ್ಕೆ ಏರಿದಳು. ತೊಂಬತ್ತರ ದಶಕದಲ್ಲಿ ಸಿದ್ದಿಯರ ಪಾಲಿಗೆ ಆ ಯೋಜನೆ ನಿಂತುಹೋಯಿತು. ಮಕ್ಕಳ ಕಾಲು ಸೋತಿರಲಿಲ್ಲ, ಕಲಿಸುವವರು ಹೊರಟುಹೋಗಿದ್ದರು. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರೆ, ನಮ್ಮ ಧಾರವಾಡ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು.

ಕ್ರೀಡಾಕೂಟಗಳಲ್ಲಿ ಸಿದ್ದಿ ಹುಡುಗಿ ಮೊದಲು ಬಂದರೆ, "ಓಟ ಅವರ ರಕ್ತದಾಗ ಬಂದೈತಿ ಬಿಡ್ರಿ" ಅನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಕೇಳಲಿಕ್ಕೆ ಹೊಗಳಿಕೆ. ಆದರೆ ರಕ್ತದಲ್ಲೇ ಇದ್ದ ಮೇಲೆ ಕಲಿಸುವ ಜವಾಬ್ದಾರಿ ನಮಗೆಲ್ಲಿ? ಅಷ್ಟೇ ಅಲ್ಲ, ಅವಳ ಬೆಳಗಿನ ಅಭ್ಯಾಸ, ಹರಿದ ಬೂಟು, ಖಾಲಿ ಹೊಟ್ಟೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಸ್ಟ್ರಿಂಗರಳ ಕಥೆಯನ್ನು ಒಂಬತ್ತನೆಯ ತರಗತಿಯಲ್ಲಿ ಹೇಳಿದೆ. ಸಾವಿರದ ಐವತ್ತೈದು ಎಂದಾಗ ಹುಡುಗರು ಹೋ ಎಂದರು. ಹಿಂದಿನ ಬೆಂಚಿನ ಸಿದ್ದಿ ಹುಡುಗಿಯೊಬ್ಬಳು ಬಿಡುವಿನಲ್ಲಿ ಬಂದು, "ಅಕ್ಕೋರ, ಆಟ ಕಲಸೋ ಅಕ್ಕೋರು ಆಗಬೇಕಂದ್ರ ಏನ ಓದಬೇಕ್ರಿ?" ಎಂದಳು. ಪದಕದ ಮಾತು ಅವಳು ಎತ್ತಲೇ ಇಲ್ಲ. ಪಿ.ಯು.ಸಿ., ಡಿಗ್ರಿ, ಆಮೇಲೆ ಬಿ.ಪಿ.ಎಡ್. ಎಂದು ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಟ್ಟೆ.