ನಾಲ್ಕು ಬೆರಳಿನ ಸಂದು

ಬೇಸಿಗೆ ಬಲಿತ ಮೇಲೆ ನವಲಗುಂದ, ನರಗುಂದದ ಕಡೆಯ ಎರೆ ಹೊಲದಲ್ಲಿ ನಡೆಯುವವರು ನೆಲ ನೋಡಿಕೊಂಡೇ ಹೆಜ್ಜೆ ಹಾಕಬೇಕು. ನೆಲ ಬಾಯಿ ಬಿಟ್ಟಿರುತ್ತದೆ. ಬಿರುಕಿನೊಳಗೆ ಅಂಗೈ ಇಳಿಯುತ್ತದೆ, ಕೆಲವೆಡೆ ಮೊಳಕೈವರೆಗೂ ಇಳಿಯುತ್ತದೆ. ಎರಡು ದೊಡ್ಡ ಮಳೆ ಬಿದ್ದರೆ ಸಾಕು, ಅದೇ ನೆಲ ಉಬ್ಬಿ ಬಾಯಿ ಮುಚ್ಚಿಕೊಂಡು, ಕಾಲಿಟ್ಟವರ ಚಪ್ಪಲಿಯನ್ನೇ ಹಿಡಿದುಕೊಳ್ಳುತ್ತದೆ. ರೈತನಿಗೆ ಈ ಗುಣವೇ ಐಶ್ವರ್ಯ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬೆ ಆಮೇಲೆ ಮಳೆ ಕೈಕೊಟ್ಟರೂ ಕಾಳು ಕಟ್ಟುವುದು ಮಣ್ಣು ಹಿಡಿದಿಟ್ಟ ಹಸಿಯಿಂದಲೇ. ಮನೆ ಕಟ್ಟಿಸುವವನಿಗೆ ಮಾತ್ರ ಅದೇ ಗುಣ ಗಂಡಾಂತರ. ಎರೆನೆಲ ಮನೆಯನ್ನು ಒಡೆಯುತ್ತದೆ, ಅದಕ್ಕೇ ಅಲ್ಲಿ ಪಾಯ ಗಟ್ಟಿಯಾಗಿ ಹಾಕಬೇಕು ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಈ ಸೀಮೆಯಲ್ಲಿ ಮನೆ ಕಟ್ಟಿದ ಚರಿತ್ರೆಯನ್ನು ಹಿಂದಕ್ಕೆ ನೋಡುತ್ತಾ ಹೋದರೆ ಆ ಮಾತಿನ ಮೊದಲರ್ಧ ಅರೆಸತ್ಯ, ಉಳಿದರ್ಧ ದಾರಿ ತಪ್ಪಿಸುವ ಸಲಹೆ ಎನಿಸುತ್ತದೆ. ಇಲ್ಲಿ ಬಾಳಿ ಉಳಿದ ಪಾಯಗಳು ನೆಲದ ಜೊತೆ ಕುಸ್ತಿಗೆ ಇಳಿದವುಗಳಲ್ಲ; ಅದರ ಏರಿಳಿತದಿಂದ ಹೇಗೋ ಪಕ್ಕಕ್ಕೆ ಸರಿದು ನಿಂತವುಗಳು.

ಈ ಮಣ್ಣಿನ ಸ್ವಭಾವದ ಬೇರು ಮಾಂಟ್‌ಮೊರಿಲೊನೈಟ್ ಎಂಬ ಖನಿಜದಲ್ಲಿದೆ. ಅದರ ತೆಳು ಪದರಗಳು ವೀಳ್ಯದೆಲೆಯ ಕಟ್ಟಿನಂತೆ ಒಂದರ ಮೇಲೊಂದು ಕೂತಿರುತ್ತವೆ; ನಡುವೆ ನೀರು ಹೊಕ್ಕರೆ ಅಗಲುತ್ತವೆ, ನೀರು ಆರಿದರೆ ಮತ್ತೆ ಒತ್ತಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ವಿಧಾನ ಬಹಳ ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ತಲಾ 10 ಗ್ರಾಂನಂತೆ ಎರಡು ಗಾಜಿನ ಅಳತೆ ಕೊಳವೆಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಒಂದು ದಿನ ಹಾಗೇ ಬಿಡುತ್ತಾರೆ. ಸೀಮೆಎಣ್ಣೆಯೊಳಗಿನ ಮಣ್ಣು ಕದಲದೆ ಕೂತಿರುತ್ತದೆ, ನೀರಿನೊಳಗಿನದು ಮೇಲೇರಿರುತ್ತದೆ. ಈ ಎರಡರ ಅಂತರ ಶೇ 50 ದಾಟಿದರೆ ಆ ಮಣ್ಣು ಅತಿಯಾಗಿ ಉಬ್ಬುವ ವರ್ಗಕ್ಕೆ ಸೇರುತ್ತದೆ. ಆದರೆ ಮಣ್ಣು ಉಬ್ಬುವುದರಿಂದಷ್ಟೇ ಮನೆ ಬಿರಿಯುವುದಿಲ್ಲ. ಎಲ್ಲ ಕಡೆ ಒಂದೇ ಸಮ ಉಬ್ಬಿದರೆ ಮನೆಯೂ ಸಮವಾಗಿ ಏರಿ ಇಳಿಯುತ್ತಿತ್ತು. ಮನೆ ಎದ್ದು ನಿಂತ ಕೂಡಲೇ ಅದರಡಿಯ ನೆಲಕ್ಕೆ ಬಿಸಿಲು ತಪ್ಪುತ್ತದೆ, ಆವಿಯಾಗುತ್ತಿದ್ದ ನೀರು ಅಲ್ಲೇ ನಿಧಾನವಾಗಿ ಸೇರುತ್ತದೆ. ಸುತ್ತಲಿನ ಬಯಲು ಮಾತ್ರ ಎಂದಿನಂತೆ ಒಣಗುತ್ತದೆ, ನೆನೆಯುತ್ತದೆ. ಹೀಗೆ ನಡುವೆ ಒಂದು ಹವಾಮಾನ, ಅಂಚಿಗೆ ಇನ್ನೊಂದು. ಬಚ್ಚಲ ನೀರು ಒಂದು ಮೂಲೆಯಲ್ಲಿ ಇಂಗಿದರೆ, ಇನ್ನೊಂದು ಮೂಲೆಯ ಮರ ಹಸಿ ಹೀರಿದರೆ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಮಳೆಗಾಲದಲ್ಲಿ ಹಾಕಲು ಬಾರದ ಬಾಗಿಲು, ಬೇಸಿಗೆಗೆ ತೆರೆದು ಮಳೆಗೆ ಮುಚ್ಚುವ ಗೋಡೆಯ ಸೀಳು, ಎಲ್ಲವೂ ಈ ಅಸಮತೆಯ ಗುರುತುಗಳು.

ಹಳಬರಿಗೆ ಖನಿಜದ ಹೆಸರು ಗೊತ್ತಿರಲಿಲ್ಲ, ನೆಲದ ಚಾಳಿ ಗೊತ್ತಿತ್ತು. ಎರೆ, ಮಸಾರಿ, ಗರಸು, ಮರಡಿ ಎಂದು ನೆಲಕ್ಕೆ ಬೇರೆ ಬೇರೆ ಹೆಸರಿಟ್ಟ ಭಾಷೆಯಲ್ಲೇ ಆ ತಿಳಿವಳಿಕೆ ಅಡಗಿದೆ. ಎರೆ ಬಿತ್ತನೆಗೆ, ದಿಬ್ಬದ ಗರಸು ನೆಲ ವಾಸಕ್ಕೆ ಎಂಬುದು ಬಯಲುಸೀಮೆಯ ಲೆಕ್ಕ. ಜೋಳ ಕೂಡಿಡುವ ಹಗೇವು ತೋಡುವುದಕ್ಕೂ ನೀರು ಜಿನುಗದ, ಬಾಯಿ ಬಿಡದ ನೆಲವೇ ಬೇಕಾಗಿತ್ತು. ಹಣ, ಆಳುಬಲ ಇದ್ದವರು ಆಳಕ್ಕೆ ಇಳಿದರು: 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲ್ ಶಾಹನ ಸಮಾಧಿಯಾದ ವಿಜಯಪುರದ ಗೋಳಗುಮ್ಮಟ ನೇರವಾಗಿ ಬಂಡೆಯ ಮೇಲೆ ಕೂತಿದೆ, ಅಷ್ಟು ಭಾರದ ಕಟ್ಟಡ ಒಂದು ಬದಿಗೆ ಕುಸಿಯದೆ ಉಳಿಯಲು ಅದೇ ಮುಖ್ಯ ಕಾರಣ. ಅಂಥ ಶಕ್ತಿ ಇಲ್ಲದವರು ಎರೆಯ ಮೇಲೆಯೇ ಮನೆ ಕಟ್ಟಬೇಕಾದಾಗ ಕಟ್ಟಿದ್ದು ಮಣ್ಣಿನ ಮಾಳಿಗೆಯ ಮನೆಯನ್ನು. ಮಾಳಿಗೆಯ ಭಾರವನ್ನು ತೊಲೆ, ಜಂತೆಗಳು ಹೊತ್ತು ಮರದ ಕಂಬಗಳಿಗೆ ದಾಟಿಸುತ್ತಿದ್ದವು. ಕಂಬದ ಕಾಲು ಕಲ್ಲಿನ ಮೇಲೆ ನಿಂತಿರುತ್ತಿತ್ತು. ದಪ್ಪ ಮಣ್ಣಿನ ಗೋಡೆ ಹೆಚ್ಚಾಗಿ ಮರೆಗೆ, ತಂಪಿಗೆ. ಗೋಡೆ ಬಿರಿದರೂ ಮಾಳಿಗೆ ತಲೆಯ ಮೇಲೆ ಬೀಳುತ್ತಿರಲಿಲ್ಲ. ಒಂದು ಕಂಬ ಅರ್ಧ ಬೆರಳು ಇಳಿದರೆ ಬೆಸುಗೆ ಹಾಕದ ಮರದ ಕೂಡಿಕೆಗಳು ಅದನ್ನು ನುಂಗಿಕೊಳ್ಳುತ್ತಿದ್ದವು. ಬಿರುಕಿಗೆ ಮದ್ದು ಅಂಗಳದಲ್ಲೇ ಸಿಗುತ್ತಿತ್ತು: ಒಂದು ಹಿಡಿ ಮಣ್ಣು, ಒಂದಿಷ್ಟು ಸೆಗಣಿ.

ಈ ಲೆಕ್ಕ ಕೆಟ್ಟದ್ದು ಮನೆಯ ಜಾತಿ ಬದಲಾದಾಗ, ಜೊತೆಗೇ ಊರು ದಿಬ್ಬ ಬಿಟ್ಟು ಹೊಲಕ್ಕೆ ಇಳಿದಾಗ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಬಂತು, 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು; ಹುಬ್ಬಳ್ಳಿ, ಗದಗದಂಥ ಊರುಗಳು ಹಿಗ್ಗತೊಡಗಿದವು. ಮಣ್ಣಿಗೆ ಇಂಗ್ಲಿಷಿನಲ್ಲಿ ಕಪ್ಪು ಹತ್ತಿ ಮಣ್ಣು ಎಂಬ ಹೆಸರು ನೆಲೆಯಾದದ್ದೂ ಬೆಳೆಯ ಕಣ್ಣಿನಿಂದಲೇ. ಆ ಹೆಸರಿನಲ್ಲಿ ಅದರ ಚಲನೆಯ ಸುಳಿವೇ ಇಲ್ಲ. ಆಮೇಲೆ ಇಟ್ಟಿಗೆ ಗೋಡೆ, ಸಿಮೆಂಟಿನ ಗಾರೆ, ಗೋಡೆಯ ಮೇಲೆಯೇ ಕೂರುವ ಕಾಂಕ್ರೀಟಿನ ಸ್ಲ್ಯಾಬ್ ಬಂದವು. ಇವೆಲ್ಲ ಗಟ್ಟಿ, ನಿಜ. ಆದರೆ ಗಟ್ಟಿಯಾದದ್ದು ಬಾಗುವುದಿಲ್ಲ, ಒಡೆಯುತ್ತದೆ. ಮಣ್ಣಿನ ಗೋಡೆ ಸಹಿಸಿಕೊಳ್ಳುತ್ತಿದ್ದ ಅಲುಗಾಟಕ್ಕೆ ಸಿಮೆಂಟಿನ ಗೋಡೆ ಮೇಲಿಂದ ಕೆಳಗೆ ಸೀಳುತ್ತದೆ, ಸ್ಲ್ಯಾಬಿನ ಭಾರ ಹೊತ್ತ ಗೋಡೆ ಸೀಳಿದರೆ ಅದು ಬರಿಯ ಅಂದಗೇಡಾಗಿ ಉಳಿಯುವುದಿಲ್ಲ. ಮೂರು ಅಡಿ ಅಗೆದು, ಬೆಡ್ ಕಾಂಕ್ರೀಟ್ ಹಾಕಿ, ಮೇಲೆ ಕಲ್ಲು ಕಟ್ಟಿದ ಪಾಯ ಮಸಾರಿ ನೆಲದಲ್ಲಿ ನೂರು ವರ್ಷ ಕಾದೀತು. ಎರೆಯಲ್ಲಿ ಆ ಮೂರು ಅಡಿ ಎಂದರೆ ಏರಿಳಿತದ ನಟ್ಟನಡುವೆ. ಅಲ್ಲಿ ಕಾಂಕ್ರೀಟಿನ ಪಟ್ಟಿಯನ್ನು ಇನ್ನಷ್ಟು ದಪ್ಪ ಮಾಡುವುದು ಹೊಳೆಯ ಸೆಳವಿನಲ್ಲಿ ನಿಂತು ಕೋಲನ್ನು ದಪ್ಪ ಮಾಡಿಕೊಂಡಂತೆ. ಒಂದಂತಸ್ತಿನ ಮನೆಯ ಭಾರ ಕೆಳಗೆ ಒತ್ತುವುದಕ್ಕಿಂತ ಉಬ್ಬುವ ಮಣ್ಣು ಮೇಲಕ್ಕೆ ನೂಕುವ ಒತ್ತಡವೇ ಹೆಚ್ಚಾಗಿರಬಲ್ಲದು. ಹಾಗಾಗಿಯೇ ಎರೆನೆಲದ ಪೆಟ್ಟು ದೊಡ್ಡ ಕಟ್ಟಡಗಳಿಗಿಂತ ಬಡವರ, ಮಧ್ಯಮ ವರ್ಗದವರ ಹಗುರ ಮನೆಗಳಿಗೆ ಹೆಚ್ಚು ಬಿತ್ತು.

ಇದು ನಮ್ಮಲ್ಲಷ್ಟೇ ಆದ ತಪ್ಪಲ್ಲ. ಪಾಯ ಕೆಟ್ಟರೆ ನೆಲ ಕುಸಿದಿದೆ, ಇಲ್ಲವೇ ಕೆಲಸ ಕಳಪೆ ಎಂದೇ ಎಂಜಿನಿಯರುಗಳು ಬಹುಕಾಲ ನಂಬಿದ್ದರು. ನೆಲವೇ ಎದ್ದು ಕಟ್ಟಡವನ್ನು ಎತ್ತುತ್ತದೆ ಎಂಬುದು ತಡವಾಗಿ ಹೊಳೆಯಿತು. ಅಮೆರಿಕದ ನೀರಾವರಿ ಇಲಾಖೆಯವರು ಇದನ್ನು ಗುರುತಿಸಿದ್ದು 1938ರಲ್ಲಿ, ಓರೆಗಾನ್ ರಾಜ್ಯದ ಒವೈಹೀ ಯೋಜನೆಯ ಉಕ್ಕಿನ ಕೊಳವೆಯ ಪಾಯ ಎದ್ದಾಗ. 1950ರ ದಶಕದಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಯ ಹೊಸ ಊರುಗಳಲ್ಲಿ ಮನೆಗಳು ಬಿರಿದವು. 1965ರಲ್ಲಿ ಟೆಕ್ಸಸ್‌ನಲ್ಲಿ ಈ ಮಣ್ಣಿನ ಬಗ್ಗೆಯೇ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಉಬ್ಬುವ ಮಣ್ಣು ಅಮೆರಿಕಕ್ಕೆ ವರ್ಷಕ್ಕೆ ಮಾಡುವ ನಷ್ಟ ನೆರೆ, ಭೂಕಂಪ, ಸುಂಟರಗಾಳಿಗಳ ನಷ್ಟ ಒಟ್ಟು ಸೇರಿಸಿದರೂ ಅದಕ್ಕಿಂತ ಹೆಚ್ಚು ಎಂದು 1973ರಲ್ಲಿ ಜೋನ್ಸ್ ಮತ್ತು ಹೋಲ್ಟ್ಜ್ ಎಂಬ ಇಬ್ಬರು ಎಂಜಿನಿಯರುಗಳು ಬರೆದಾಗ ಹಲವರು ಬೆಚ್ಚಿದರು. ಭೂಕಂಪ ಸದ್ದು ಮಾಡಿ ಬರುತ್ತದೆ. ಈ ಮಣ್ಣು ಪ್ರತಿ ಮಳೆಗಾಲ ಕೂದಲೆಳೆಯಷ್ಟು ಕೆಲಸ ಮಾಡಿ ಸುಮ್ಮನಾಗುತ್ತದೆ.

ಭಾರತದ ಉತ್ತರ ಬಂದದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಿಂದ. ದಿನೇಶ್ ಮೋಹನ್ ಮತ್ತು ಅವರ ಸಂಗಡಿಗರು 1950ರ ದಶಕದಿಂದ ಬೆಳೆಸಿದ ಅಂಡರ್‌ರೀಮ್ಡ್ ಪೈಲ್ ಎಂಬ ಪಾಯದ ವಿಧಾನವನ್ನು ಹತ್ತಿರದಿಂದ ನೋಡಬೇಕು. ಮುಕ್ಕಾಲಿಯ ಆಸರೆಯಲ್ಲಿ ನಿಲ್ಲಿಸಿದ ಸುರುಳಿ ಆಗರನ್ನು ಕೂಲಿಯವರು ಹಿಡಿಕೆ ಹಿಡಿದು ಸುತ್ತು ಬರುತ್ತಾ ತಿರುಗಿಸುತ್ತಾರೆ. ಸುಮಾರು 300 ಮಿಲಿಮೀಟರ್ ಅಗಲದ ಗುಂಡಿ ಕೆಳಗಿಳಿಯುತ್ತದೆ. ಬೇಕಾದ ಆಳ ಮುಟ್ಟಿದ ಮೇಲೆ ಆಗರ್ ತೆಗೆದು ಇನ್ನೊಂದು ಉಪಕರಣ ಇಳಿಸುತ್ತಾರೆ. ಮೇಲಿಂದ ಒತ್ತಿದಾಗ ಅದರ ಅಲಗುಗಳು ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಂಡು ಗುಂಡಿಯ ತಳವನ್ನು ಸುತ್ತಲೂ ಕೆರೆಯುತ್ತವೆ, ಕೆರೆದ ಮಣ್ಣು ಅಡಿಯ ಬಕೆಟ್ಟಿಗೆ ಬೀಳುತ್ತದೆ. ತಳ ಎರಡೂವರೆ ಪಟ್ಟು ಅಗಲವಾದ ಮೇಲೆ ಕಬ್ಬಿಣದ ಪಂಜರ ಇಳಿಸಿ ಕಾಂಕ್ರೀಟ್ ಸುರಿದರೆ ನೆಲದೊಳಗೆ ತಲೆಕೆಳಗಾದ ಗಂಟೆಹೂವಿನಂಥ ಒಂದು ಕಂಬ ಸಿದ್ಧ. ಎರೆ ಆಳವಾಗಿರುವಲ್ಲಿ ಈ ಕಂಬ ಕಡಿಮೆ ಎಂದರೂ ಮೂರೂವರೆ ಮೀಟರ್ ಇಳಿಯಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ಋತುಮಾನದ ಹಸಿ-ಒಣಗು ಅಷ್ಟು ಆಳಕ್ಕೆ ತಲುಪುವುದಿಲ್ಲ ಎಂಬ ಲೆಕ್ಕ ಅದರ ಹಿಂದಿದೆ. ಮೇಲ್ಪದರ ಉಬ್ಬಿ ಕಂಬವನ್ನು ಎತ್ತಲು ನೋಡಿದರೆ ಕೆಳಗಿನ ಗಡ್ಡೆ ಲಂಗರಿನಂತೆ ಹಿಡಿಯುತ್ತದೆ. ಅದೇ ಮಾನಕದ ಇನ್ನೊಂದು ಮಾತು ನನ್ನ ವಾದದ ತಿರುಳು: ಕಂಬಗಳನ್ನು ಕೂಡಿಸುವ, ಗೋಡೆ ಹೊರುವ ಬೀಮ್ ನೆಲಕ್ಕೆ ತಾಗಬಾರದು, ಅದರಡಿ ಕಡಿಮೆಯೆಂದರೂ 80 ಮಿಲಿಮೀಟರ್ ಬರಿದು ಬಿಡಬೇಕು. ಸುಮಾರು ನಾಲ್ಕು ಬೆರಳಿನ ಸಂದು. ಮಣ್ಣು ಆ ಸಂದಿನೊಳಗೆ ಉಬ್ಬಿಕೊಳ್ಳಲಿ, ಇಳಿದುಕೊಳ್ಳಲಿ; ಮನೆಗೆ ಅದರ ಗೊಡವೆ ಬೇಡ. ಇಷ್ಟೆಲ್ಲ ಕಾಂಕ್ರೀಟಿನ ನಡುವೆ ಮನೆಯನ್ನು ಉಳಿಸುವುದು ಕಾಂಕ್ರೀಟ್ ಇಲ್ಲದ ಆ ಜಾಗ.

ಇನ್ನೊಂದು ದಾರಿ ಮುಂಬಯಿ ಐಐಟಿಯ ಆರ್.ಕೆ. ಕಟ್ಟಿ ಅವರದು, ಅದರ ನಂಟು ನಮ್ಮ ಮಲಪ್ರಭೆಗೂ ಇದೆ. ಎರೆನೆಲದಲ್ಲಿ ಸುಮಾರು ಒಂದು ಮೀಟರಿನ ಕೆಳಗೆ ಏರಿಳಿತ ಬಹಳ ಕಡಿಮೆ ಎಂಬುದನ್ನು ಗಮನಿಸಿದ ಅವರು, ಮೇಲಿನ ಮಣ್ಣೇ ಕೆಳಗಿನದನ್ನು ಹಿಡಿದಿಡುತ್ತದೆ ಎಂದು ವಾದಿಸಿದರು. ಹಾಗಾದರೆ ಮೇಲಿನ ಒಂದು ಮೀಟರ್ ತೆಗೆದು, ಅಂಟುಗುಣವಿದ್ದೂ ಉಬ್ಬದ ಗರಸಿನಂಥ ಮಣ್ಣನ್ನು ಬಡಿದು ತುಂಬಿದರೆ ಅದೇ ಕೆಲಸವಾಗಬೇಕಲ್ಲವೇ? 1970ರ ದಶಕದಲ್ಲಿ ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಈ ವಿಚಾರ ಬಳಕೆಗೆ ಬಂತು, ಮುಂದೆ ಕಟ್ಟಡಗಳ ಪಾಯಕ್ಕೂ ಹರಡಿತು. ನೆನೆದು ಒಣಗುವ ಆವರ್ತನ ಮರುಕಳಿಸಿದಂತೆ ಈ ಪದರದ ಹಿಡಿತ ಸಡಿಲವಾಗುತ್ತದೆ ಎಂದು ಆಮೇಲಿನ ಪ್ರಯೋಗಗಳು ತೋರಿಸಿವೆ. ಆ ಟೀಕೆಯನ್ನು ಒಪ್ಪಿದರೂ ಮೂಲ ತತ್ತ್ವ ಅಲುಗುವುದಿಲ್ಲ: ಗರಸಿನ ಪದರವೂ ಮನೆ ಮತ್ತು ಎರೆಯ ನಡುವೆ ಒಂದು ಅಂತರವೇ. ಅಂತರದ ವಸ್ತು ಎಷ್ಟು ಕಾಲ ಬಾಳುತ್ತದೆ ಎಂಬುದಷ್ಟೇ ಜಗಳ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಹಳೆಯ ಮನೆ ಬಾಳಿತು ಎನ್ನುವವರು ಬಿದ್ದುಹೋದ ಮನೆಗಳನ್ನು ಎಣಿಸುವುದಿಲ್ಲ ಎಂಬುದು ಮೊದಲನೆಯದು. 2009ರ ನೆರೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಸಾಲುಸಾಲಾಗಿ ಕರಗಿ ಕೂತವು. ಅದನ್ನು ನೋಡಿದವರಿಗೆ ಮಾಳಿಗೆ ಮನೆಯ ಗುಣಗಾನ ಹಿಡಿಸಲಾರದು. ಆಕ್ಷೇಪ ನ್ಯಾಯವಾದದ್ದೇ. ಆ ಮನೆಗೆ ವರ್ಷವರ್ಷ ಮೆತ್ತಬೇಕಿತ್ತು, ಮಾಳಿಗೆಗೆ ಮಣ್ಣು ಹಾಕಬೇಕಿತ್ತು, ನಿಂತ ನೀರಿನ ಮುಂದೆ ಅದು ನಿರುಪಾಯ. ಆದರೆ ಅದು ಸೋತದ್ದು ಗೋಡೆ ಕರಗಿ. ನೆಲದ ಏರಿಳಿತಕ್ಕೆ ಅದರ ಬಳಿ ಉತ್ತರವಿತ್ತು. ಅದರ ಜಾಗಕ್ಕೆ ಬಂದ ಸಿಮೆಂಟಿನ ಮನೆ ನೆರೆಗೆ ಜಗ್ಗದೆ ನಿಂತೀತು. ಪಾಯ ಮಸಾರಿ ನೆಲದ ಲೆಕ್ಕದ್ದಾದರೆ ಎರೆಯ ಬೇಸಿಗೆಗೆ ಸೋತೀತು. ಎರಡನೆಯ ಆಕ್ಷೇಪ ಬಲದ ಪರವಾದದ್ದು: ಟೆಕ್ಸಸ್‌ನಲ್ಲಿ ಉಕ್ಕಿನ ಹುರಿಗಳನ್ನು ಬಿಗಿದ ಕಾಂಕ್ರೀಟ್ ಹಾಸಿನ ಮೇಲೆ ಸಾವಿರಾರು ಮನೆಗಳು ಇಂಥ ಮಣ್ಣಿನಲ್ಲೇ ನಿಂತಿಲ್ಲವೇ? ನಿಂತಿವೆ. ಆದರೆ ಆ ಹಾಸು ಮಣ್ಣನ್ನು ಅದುಮಿ ಹಿಡಿದಿಲ್ಲ, ದೋಣಿಯಂತೆ ಅದರ ಮೇಲೆ ತೇಲುತ್ತದೆ. ಇಡೀ ಮನೆ ಒಂದೇ ತುಂಡಾಗಿ ವಾಲಲಿ, ನಡುವೆ ಮಾತ್ರ ಮುರಿಯದಿರಲಿ ಎಂಬುದು ಅದರ ವಿನ್ಯಾಸ. ಅಲ್ಲೂ ಬಲ ದುಡಿಯುವುದು ನೆಲದ ಚಲನೆಯನ್ನು ಒಪ್ಪಿಕೊಂಡ ಮೇಲೆಯೇ. ಖರ್ಚಿನ ಮಾತು ಬಂದರೆ, ಗಟ್ಟಿ ನೆಲ ಸಿಗುವವರೆಗೆ ಉದ್ದಕ್ಕೂ ಪಾಯ ಅಗೆದು ತುಂಬುವುದಕ್ಕಿಂತ ಅಗ್ಗವಾಗಲಿ, ಕೈ ಉಪಕರಣದಲ್ಲೇ ಮುಗಿಯಲಿ ಎಂಬ ಉದ್ದೇಶದಿಂದಲೇ ರೂರ್ಕಿಯ ಪೈಲ್ ಹುಟ್ಟಿದ್ದು.

ಹಾಗಾದರೆ ಅಡ್ಡಿ ಯಾವುದು? ಬಹುಪಾಲು ನಮ್ಮ ಕಣ್ಣಿನ ಅಭ್ಯಾಸ. ಪಾಯ ಎಂದರೆ ನೆಲವನ್ನು ಕಚ್ಚಿ ಹಿಡಿಯಬೇಕು, ಟೊಳ್ಳು ಇದ್ದರೆ ಕಳಪೆ ಎಂಬ ನಂಬಿಕೆ ಗೌಂಡಿಗೂ ಇದೆ, ಮನೆಯ ಯಜಮಾನನಿಗೂ ಇದೆ. ಮಸಾರಿಯಲ್ಲಿ ಅದು ವಿವೇಕ, ಎರೆಯಲ್ಲಿ ಅಪಾಯ. ಬೀಮಿನಡಿಯ ಸಂದು ಕಂಡು ಯಾರೋ ಒಬ್ಬರು ಅಚ್ಚುಕಟ್ಟಾಗಲಿ ಎಂದು ಎರಡು ಬುಟ್ಟಿ ಅದೇ ಎರೆಮಣ್ಣು ತುರುಕಿ ಬಡಿದರೆ ಸಾಕು. ಮೂರೂವರೆ ಮೀಟರ್ ಇಳಿದ ಕಂಬಗಳ ಲೆಕ್ಕಾಚಾರವೆಲ್ಲ ಅಲ್ಲಿಗೆ ಮುಗಿಯಿತು, ಮುಂದಿನ ಮಳೆಗೆ ನೆಲ ಮತ್ತೆ ಬೀಮನ್ನು ಎತ್ತತೊಡಗುತ್ತದೆ. ಮನೆಯ ಸುತ್ತ ನೀರು ನಿಲ್ಲದಂತೆ ಇಳಿಜಾರಿನ ಹಾಸು, ಬಚ್ಚಲ ನೀರಿಗೆ ಸೋರದ ಕೊಳವೆ, ಗೋಡೆಯಿಂದ ದೂರದಲ್ಲಿ ಮರ: ಇವೂ ಅದೇ ತಿಳಿವಳಿಕೆಯ ಚಿಕ್ಕ ರೂಪಗಳು. ಕಲ್ಲಿನ ಮೇಲೆ ಕಂಬ ನಿಲ್ಲಿಸಿ ಗೋಡೆಯನ್ನು ಭಾರದಿಂದ ಬಿಡಿಸಿದ ಹಳ್ಳಿಯ ಬಡಿಗನೂ, ಬೀಮಿನಡಿ 80 ಮಿಲಿಮೀಟರ್ ಬರಿದು ಬಿಡಿ ಎಂದು ಬರೆದ ಎಂಜಿನಿಯರೂ ಒಂದೇ ಪಾಠ ಕಲಿತವರು. ನಡುವಿನ ಕಾಲದಲ್ಲಿ ಕೈಗೆ ಸಿಮೆಂಟ್ ಬಂತು, ಪಾಠ ಮರೆತುಹೋಯಿತು. ಈಗ ಅದು ಮಾನಕದ ಪುಸ್ತಕದಲ್ಲಿದೆ. ಗೌಂಡಿಯ ಕರಣೆಗೆ ಇಳಿಯುವುದಷ್ಟೇ ಬಾಕಿ.